ಕಾಲುದಾರಿಗೆ ದೀಪ: ನಾವು ಯಾವ ಕೌನ್ಸಿಲ್‌ಗೆ ಸೇರಿದವರು?

(ಇಂಗ್ಲೆಂಡಿನ ರಮ್ಸಿ ಪಟ್ಟಣದ ಪಕ್ಕದ ಬಡಾವಣೆಯೊಂದರಲ್ಲಿ ನೆಲೆಸಿರುವ ಕನ್ನಡಿಗರ ಗುಂಪಿನ ಮಾತುಕತೆ)

ಗುಂಪಿನ ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಬಡಾವಣೆಯಿಂದ ರಮ್ಸಿ ಪೇಟೆಗೆ ಹೋಗುವ ಕಾಲುದಾರಿಯಲ್ಲಿ ದೀಪಗಳಿಲ್ಲವೆಂದು ನಾವು ಬರೆದ ಪತ್ರಕ್ಕೆ ಪಟ್ಟಣದ ಕೌನ್ಸಿಲ್‌ನಿಂದ ಉತ್ತರ ಬಂದಿದೆ. ನಾವು ಅವರ ಗಡಿಯೊಳಗಿನವರಲ್ಲ, ಸುತ್ತಲಿನ ರಮ್ಸಿ ಎಕ್ಸ್‌ಟ್ರಾ ಪ್ಯಾರಿಷ್‌ನವರು (ನಮ್ಮೂರ ಗ್ರಾಮ ಪಂಚಾಯಿತಿಯಂಥದ್ದು) ಎಂದು ವಿನಯದಿಂದಲೇ ತಿಳಿಸಿದ್ದಾರೆ. ಅಂಚೆ ವಿಳಾಸದಲ್ಲಿ ರಮ್ಸಿ ಎಂದಿರುವುದನ್ನೇ ನಂಬಿದ್ದು ನಮ್ಮ ತಪ್ಪು. ಅಕ್ಟೋಬರ್ ಕೊನೆಯಲ್ಲಿ ಗಡಿಯಾರ ಹಿಂದಕ್ಕೆ ಹೋದರೆ ಸಂಜೆ ಐದಕ್ಕೇ ಕತ್ತಲು. ಮುಂದೇನು ಮಾಡೋಣ?

ಮೂಲೆಮನೆಯವರು: ಎಕ್ಸ್‌ಟ್ರಾ ಎಂದರೆ ರೈಲಿಗೆ ಹೆಚ್ಚುವರಿಯಾಗಿ ಜೋಡಿಸಿದ ಬೋಗಿಯಂತೆ ಕೇಳಿಸುತ್ತದೆ. ಡಾಕ್ಟರೇ, ಇದೇನು ಹೆಸರು?

ಡಾಕ್ಟರ್: ಅದು ಲ್ಯಾಟಿನ್ ಪದ; ಹೊರಗಿನದು ಎಂದರ್ಥ. ಹಿಂದೆ ಪೇಟೆಯ ಭಾಗವನ್ನು ರಮ್ಸಿ ಇನ್‌ಫ್ರಾ ಎಂದೂ ಸುತ್ತಲಿನ ಹೊಲಗದ್ದೆಗಳ ಭಾಗವನ್ನು ರಮ್ಸಿ ಎಕ್ಸ್‌ಟ್ರಾ ಎಂದೂ ಕರೆಯುತ್ತಿದ್ದರು. 1544ರಲ್ಲಿ ಅಬ್ಬೆಯನ್ನು, ಎಂದರೆ ಹಳೆಯ ಕ್ರೈಸ್ತ ಮಠದ ಚರ್ಚನ್ನು, ನೂರು ಪೌಂಡಿಗೆ ಕೊಂಡುಕೊಂಡ ಪೇಟೆಯ ಜನರಿಗೆ 1607ರಲ್ಲಿ ಒಂದನೇ ಜೇಮ್ಸ್ ದೊರೆಯಿಂದ ಪೇಟೆಯ ಆಡಳಿತದ ಸನ್ನದು ದೊರೆಯಿತು. (ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರ ಸಮಾಧಿ ಇರುವುದೂ ಆ ಅಬ್ಬೆಯಲ್ಲೇ, ಊರಿನಿಂದ ಬಂದ ಅತಿಥಿಗಳನ್ನೆಲ್ಲ ನಾನು ಅಲ್ಲಿಗೆ ಕರೆದೊಯ್ಯುತ್ತೇನೆ.) ಆದರೆ ಈಗ ಹೊಸ ಮನೆಗಳು ಏಳುತ್ತಿರುವುದು ಹೊರಗಿನ ಭಾಗದಲ್ಲಿ. 2016ರಲ್ಲಿ ಅಂಗೀಕಾರವಾದ, ನಮ್ಮ ಬರೋ (ತಾಲ್ಲೂಕಿನಂಥ ಆಡಳಿತ ವಿಭಾಗ) ಆದ ಟೆಸ್ಟ್ ವ್ಯಾಲಿಯ ಅಭಿವೃದ್ಧಿ ಯೋಜನೆಯಲ್ಲಿ ಪೇಟೆಯ ಅಂಚಿನ ವಿಟ್‌ನ್ಯಾಪ್ ಒಂದಕ್ಕೇ 1,300 ಮನೆಗಳನ್ನು ಗೊತ್ತುಪಡಿಸಿದ್ದಾರೆ. ಹಳ್ಳಿಗಾಡೆಂದು ಎಳೆದ ಗಡಿಯೊಳಗೆ ಪೇಟೆಯ ಬದುಕು ಬೆಳೆಯುತ್ತಿರುವುದೇ ಈ ಗೊಂದಲಕ್ಕೆ ಮೂಲ.

ಎರಡನೇ ಬೀದಿಯ ನಿವಾಸಿ: ಕಸ ಮತ್ತು ಕಟ್ಟಡ ಪರವಾನಗಿ ಬರೋ ಕೌನ್ಸಿಲ್‌ನ ಕೆಲಸ, ರಸ್ತೆ ಕೌಂಟಿಯ, ಎಂದರೆ ಜಿಲ್ಲೆಯ, ಕೆಲಸ. ನಮ್ಮ ಕಾಲುದಾರಿಯನ್ನು ಮನೆ ಕಟ್ಟಿದವರು ಇನ್ನೂ ಕೌಂಟಿಗೆ ಒಪ್ಪಿಸಿಲ್ಲ, ಆದ್ದರಿಂದ ಅದು ಇಂದಿಗೂ ಖಾಸಗಿ ಜಾಗ. ನಾನು ಮನೆ ಕಟ್ಟಿದವರಿಗೆ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲ. ಹಾಗೆಂದು ಪ್ಯಾರಿಷ್ ಕೌನ್ಸಿಲ್‌ಗೆ ಅಧಿಕಾರವೇ ಇಲ್ಲವೆಂದು ಭಾವಿಸಬೇಡಿ. 1957ರ ಪ್ಯಾರಿಷ್ ಕೌನ್ಸಿಲ್ ಕಾಯ್ದೆಯ ಪ್ರಕಾರ, ಜಾಗದ ಒಡೆಯರು ಒಪ್ಪಿದರೆ, ರಸ್ತೆಗೂ ಸಾರ್ವಜನಿಕ ಸ್ಥಳಕ್ಕೂ ಕೌನ್ಸಿಲ್‌ನವರು ದೀಪ ಹಾಕಿಸಬಹುದು. ಹೊಸ ಕಟ್ಟಡಗಳ ಮೇಲೆ ಬರೋ ವಸೂಲು ಮಾಡುವ ಮೂಲಸೌಕರ್ಯ ಶುಲ್ಕದಲ್ಲಿ ನೂರಕ್ಕೆ 15 ಪಾಲು, ಒಂದು ಮಿತಿಗೆ ಒಳಪಟ್ಟು, ಪ್ಯಾರಿಷ್‌ಗೆ ಸಲ್ಲುತ್ತದೆ. ಸ್ಥಳೀಯರೇ ರೂಪಿಸುವ ನೆರೆಹೊರೆ ಅಭಿವೃದ್ಧಿ ಯೋಜನೆ ಜಾರಿಯಲ್ಲಿದ್ದರೆ ಅದು 25 ಆಗುತ್ತದೆ. ನಾವು ಕೇಳಬೇಕಾದದ್ದು ಇಲ್ಲಿ.

ಕೊನೆಯ ಮನೆಯವರು: ಬೆಳಕಿನಿಂದ ತೊಂದರೆಗೊಳಗಾಗುವ ಬಾವಲಿಗಳ ವಿಷಯವನ್ನೂ ಮರೆಯಬಾರದು. ಹೊಳೆಯ ಕಡೆಯ ಮರಗಳ ನಡುವೆ ಎತ್ತರದ ಕಂಬಗಳನ್ನು ಕೇಳಿದರೆ ಆಕ್ಷೇಪಣೆ ಖಂಡಿತ ಬರುತ್ತದೆ. ಮೊಣಕಾಲೆತ್ತರದ, ನೆಲದತ್ತ ಮಾತ್ರ ಬೆಳಕು ಚೆಲ್ಲುವ ದೀಪಗಳನ್ನೇ ಕೇಳೋಣ.

ಮೂಲೆಮನೆಯವರು: ಎಲ್ಲವೂ ಸರಿ, ಆದರೆ ನಮ್ಮಲ್ಲಿ ಬಹುತೇಕರದ್ದು ಭಾರತದ ಪಾಸ್‌ಪೋರ್ಟ್. ನಮ್ಮ ಮಾತಿಗೆ ಅಲ್ಲಿ ಬೆಲೆಯಿದೆಯೇ?

ಡಾಕ್ಟರ್: ಇದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾದ ಮೇಲೆ ಇಲ್ಲಿ ನೆಲೆಸಿರುವ ವಯಸ್ಕ ಭಾರತೀಯರು ಮತದಾರರಾಗಿ ಹೆಸರು ನೋಂದಾಯಿಸಬಹುದು, ಎಲ್ಲ ಚುನಾವಣೆಗಳಲ್ಲೂ ಮತ ಹಾಕಬಹುದು. ಅದಕ್ಕಿಂತ ಮುಖ್ಯವಾದದ್ದು, ಪ್ಯಾರಿಷ್‌ನ ಆರು ಜನ ಮತದಾರರು ಸೇರಿದರೆ, ಯಾರ ಅನುಮತಿಯೂ ಇಲ್ಲದೆ, ತಾವೇ ಪ್ಯಾರಿಷ್ ಸಭೆ ಕರೆಯಬಹುದು ಎಂದು 1972ರ ಸ್ಥಳೀಯ ಆಡಳಿತ ಕಾಯ್ದೆ ಹೇಳುತ್ತದೆ. ಕರೆಯುವವರ ಸಹಿಯಿರುವ ನೋಟಿಸನ್ನು ಕನಿಷ್ಠ ಏಳು ಪೂರ್ಣ ದಿನ ಮೊದಲೇ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಸಭೆ ಸಂಜೆ ಆರಕ್ಕಿಂತ ಮುಂಚೆ ಆರಂಭವಾಗಬಾರದು. ಅಲ್ಲಿನ ನಿರ್ಣಯಕ್ಕೆ ಕೌನ್ಸಿಲ್ ಬದ್ಧವಲ್ಲ, ನಿಜ. ಆದರೂ ನೆರೆಯ ಇಂಗ್ಲಿಷ್ ಮನೆಯವರೂ ಬಂದು ಕೈ ಎತ್ತಿದ ನಿರ್ಣಯವನ್ನು, ಒಬ್ಬರು ಬರೆದ ಪತ್ರದಂತೆ ಪಕ್ಕಕ್ಕಿಡುವುದು ಸುಲಭವಲ್ಲ.

ನಿರ್ವಾಹಕಿ: ಹಾಗಾದರೆ ಮೊದಲು ಪ್ಯಾರಿಷ್ ಕೌನ್ಸಿಲ್‌ನ ಕ್ಲರ್ಕ್ ಅವರನ್ನು ಕಂಡು ವಿಷಯವನ್ನು ಮುಂದಿನ ಕೌನ್ಸಿಲ್ ಸಭೆಗೆ ಸೇರಿಸಲು ಕೋರುತ್ತೇನೆ, ಆಗದಿದ್ದರೆ ನೋಟಿಸು ಅಂಟಿಸೋಣ. ಸಹಿಗೆ ಡಾಕ್ಟರ್ ದಂಪತಿ, ನಾನು, ಎರಡನೇ ಬೀದಿಯವರು, ಕೊನೆಯ ಮನೆಯವರು, ಒಟ್ಟು ಐದು ಹೆಸರು ಸಿಕ್ಕಿವೆ.

ಮೂಲೆಮನೆಯವರು: ನನ್ನ ಹೆಸರನ್ನೂ ಬರೆದುಕೊಳ್ಳಿ, ಅಕ್ಕ. ಮತದಾರರ ಪಟ್ಟಿಗೆ ನಾನಿನ್ನೂ ಸೇರಿಲ್ಲ. ಇವತ್ತು ರಾತ್ರಿಯೇ ಅರ್ಜಿ ಹಾಕುತ್ತೇನೆ, ಹೆಸರು ಪಟ್ಟಿಯಲ್ಲಿ ಬಂದ ಮೇಲೆ ಸಹಿ ಹಾಕುತ್ತೇನೆ.