ನೊಸ್ಫೆರಾಟು (1922): ಎಲ್ಲರೂ ಓಡೋಡಿ ನಡೆಯುತ್ತಾರೆ, ರಾತ್ರಿ ಹಗಲಿನಂತೆ ಕಾಣುತ್ತದೆ, ಸಂಗೀತ ಕೂಡುತ್ತಿಲ್ಲ. ತುರ್ತು!

ಹೊಳೆದಂಡೆ:
ತಲೆ ಕೆಟ್ಟು ಹೋಗಿದೆ. ಶನಿವಾರ ಸಂಜೆ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಈ ಹಳೇ ಜರ್ಮನ್ ರಕ್ತಪಿಶಾಚಿ ಸಿನಿಮಾ ತೋರಿಸಬೇಕು. ಮೂಕಿ ಚಿತ್ರ ಅಲ್ವಾ, ಗೆಳೆಯರಿಬ್ಬರು ಪಿಟೀಲು, ಹಾರ್ಮೋನಿಯಂ ನುಡಿಸುತ್ತಾರೆ. ಎರಡು ತಿಂಗಳು ಅಭ್ಯಾಸ ಮಾಡಿದ್ದಾರೆ. ನಿನ್ನೆ ಮೊದಲ ಸಲ ಪ್ರೊಜೆಕ್ಟರ್‌ನಲ್ಲಿ ಹಾಕಿದೆವು. ಎಲ್ಲ ಕೆಟ್ಟಿತು. ಜನ ಓಡೋಡಿ ನಡೆಯುತ್ತಾರೆ. ಹಡಗು ಊರಿಗೆ ಬಂದು ನಿಂತಾಗ ಇವರಿಬ್ಬರೂ ಇನ್ನೂ ಕೋಟೆಯ ರಾಗದಲ್ಲೇ ಇದ್ದರು.

ಇನ್ನೊಂದು. ರಕ್ತ ಹೀರುವ ಕೌಂಟ್ ಶವಪೆಟ್ಟಿಗೆ ಹೊತ್ತು ಊರಲ್ಲಿ ಓಡಾಡುವುದು ಹಾಡುಹಗಲಿನಲ್ಲಿ. ಬಿಸಿಲು ಬಿದ್ದರೆ ಸಾಯುವವನು ಅವನು. ನೆರಳು ಸಹ ನೆಲದ ಮೇಲೆ ಕಾಣುತ್ತೆ. ಕುದುರೆಗಾಡಿಯಂತೂ ಹುಚ್ಚು ಹಿಡಿದ ಹಾಗೆ ಓಡುತ್ತೆ, ಒಂದು ಕಡೆ ಕಾಡೆಲ್ಲ ಬೆಳ್ಳಗಾಗುತ್ತೆ.

ಪ್ರೊಜೆಕ್ಟರ್ ಹಾಳಾಗಿದೆಯಾ? ಲ್ಯಾಪ್‌ಟಾಪ್, ವಿಎಲ್‌ಸಿ ಪ್ಲೇಯರ್, ಎಚ್‌ಡಿಎಂಐ ಕೇಬಲ್. ದಯವಿಟ್ಟು ಬೇಗ ಹೇಳಿ.

ವೈರಿಂಗ್‌ಕುಮಾರ:
ಕೇಬಲ್. ನೂರಕ್ಕೆ ನೂರು ಕೇಬಲ್. ಎಷ್ಟು ಮೀಟರಿನದು?

ಹೊಳೆದಂಡೆ:
10 ಮೀಟರ್.

ವೈರಿಂಗ್‌ಕುಮಾರ:
ಅದೇ ನೋಡಿ. ಅಷ್ಟು ಉದ್ದಕ್ಕೆ ಸಾಮಾನ್ಯ ಕೇಬಲ್ ಹಾಕಿದರೆ ಸಿಗ್ನಲ್ ಬೀಳುತ್ತೆ. ನಾನು ಮದುವೆ ಮಂಟಪಗಳಲ್ಲಿ ದಿನಾ ನೋಡ್ತೀನಿ. 3 ಮೀಟರಿನದು ಹಾಕಿ ನೋಡಿ.

ಹೊಳೆದಂಡೆ:
ಪಕ್ಕದ ಮನೆಯಿಂದ ತಂದು ಹಾಕಿದೆ. ಹಾಗೇ ಇದೆ.

ವೈರಿಂಗ್‌ಕುಮಾರ:
ಅದೂ ಹಳೇದಿರಬೇಕು. ಹೊಸದು ತನ್ನಿ. ಲ್ಯಾಪ್‌ಟಾಪ್‌ನ ಹರ್ಟ್ಸ್ ಸೆಟ್ಟಿಂಗ್ (ಸೆಕೆಂಡಿಗೆ ಪರದೆ ಎಷ್ಟು ಸಲ ಬದಲಾಗುತ್ತೆ ಅನ್ನೋದು) ಕೂಡ ನೋಡಿ. 60 ಇದ್ದರೆ 24ಕ್ಕೆ ಇಳಿಸಿ.

ರೀಲುಪೆಟ್ಟಿಗೆ:
ಕುಮಾರ್ ಅವರೇ, ಕೇಬಲ್ ಕೆಟ್ಟರೆ ಚಿತ್ರ ಹೋಗಿ ಬರುತ್ತೆ, ಚುಕ್ಕಿ ಚುಕ್ಕಿ ಕಾಣುತ್ತೆ, ಇಲ್ಲ ಪರದೆ ಪೂರ್ತಿ ಕಪ್ಪಾಗುತ್ತೆ. ಜನ ಬೇಗ ನಡೆಯುವುದಿಲ್ಲ. ಹರ್ಟ್ಸ್ ಹೊಂದದಿದ್ದರೆ ಚಲನೆ ಜಗ್ಗಿದ ಹಾಗೆ ಕಾಣಬಹುದು. ಸಿನಿಮಾ ಬೇಗ ಮುಗಿಯೋದಿಲ್ಲ.

ಇದು ಫ್ರೇಮಿನ, ಅಂದರೆ ರೀಲಿನ ಬಿಡಿ ಬಿಡಿ ಚಿತ್ರಗಳ ಲೆಕ್ಕ. ಮೂಕಿ ಕಾಲದಲ್ಲಿ ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಫ್ರೇಮು, ಹೀಗೆ. ಟಾಕಿ ಬಂದ ಮೇಲೆ ಧ್ವನಿಗಾಗಿ 24 ಅಂತ ಗಟ್ಟಿ ಮಾಡಿದರು. 18ರಲ್ಲಿ ಓಡಬೇಕಾದ ರೀಲನ್ನು 24ರಲ್ಲಿ ಓಡಿಸಿದರೆ ವೇಗ ಮೂರನೇ ಒಂದು ಪಾಲು ಜಾಸ್ತಿ. ನನ್ನ 16 ಎಂಎಂ ಪ್ರೊಜೆಕ್ಟರ್‌ನಲ್ಲಿ ಇದಕ್ಕೆಂದೇ ಒಂದು ಗುಂಡಿ ಇದೆ. ಬೆಲ್ಟ್ ಬದಲಿಸಿ, ಗೇಟ್ ಒರೆಸಿ, ಈಗಲೂ ತಿಂಗಳಿಗೊಮ್ಮೆ ಓಡಿಸುತ್ತೇನೆ. ಆ ಕಟಕಟ ಸದ್ದು ಕೇಳಿದರೆ ಚಿಕ್ಕಂದಿನ ಟೆಂಟ್ ಸಿನಿಮಾ ನೆನಪಾಗುತ್ತೆ.

ಟೆರೇಸ್_ಟಾಕೀಸ್:
ಸರ್, 16 ಎಂಎಂ ಇನ್ನೂ ಓಡುತ್ತಾ? ಫೋಟೋ ಹಾಕಿ! ನಮ್ಮದು ತಾರಸಿ ಮೇಲೆ. ಎರಡು ಬಿಳಿ ಪಂಚೆ ಅಗಲಕ್ಕೆ ಹೊಲಿದು, ಹಿಂದೆ ಕಪ್ಪು ಬಟ್ಟೆ ಕೊಟ್ಟು, ಪಿವಿಸಿ ಪೈಪಿನ ಚೌಕಟ್ಟಿಗೆ ಬಿಗಿದಿದ್ದೇವೆ. 120 ಇಂಚು ಬಂತು. ಗಾಳಿ ಬಂದರೆ ಕೆಳಗಿನ ಪೈಪಿನಲ್ಲಿ ಮರಳು ತುಂಬಿದ್ದರಿಂದ ಅಲ್ಲಾಡುವುದಿಲ್ಲ. ಹಿಂದಿನ ಕಪ್ಪು ಬಟ್ಟೆ ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಬೆಳಕು ಆಚೆ ಸೋರಿ ಕಪ್ಪೆಲ್ಲ ಬೂದಿಯಾಗುತ್ತೆ.

ನೀಲಿರಾತ್ರಿ:
ಹೊಳೆದಂಡೆ ಅವರೇ, ಮೂರು ಪ್ರಶ್ನೆ. ಒಂದು, ನಿಮ್ಮ ಫೈಲು ಎಷ್ಟು ನಿಮಿಷದ್ದು? ಎರಡು, ನಡುನಡುವೆ ಬರುವ ಬರಹದ ಕಾರ್ಡುಗಳಲ್ಲಿ ನಾಯಕನ ಹೆಸರು ಏನಿದೆ? ಮೂರು, ಚಿತ್ರ ಪೂರ್ತಿ ಕಪ್ಪು ಬಿಳುಪಾ, ಬಣ್ಣ ಇದೆಯಾ?

ಹೊಳೆದಂಡೆ:
1 ಗಂಟೆ 4 ನಿಮಿಷ. ಕಪ್ಪು ಬಿಳುಪು, 1922ರದ್ದಲ್ವಾ. ನಾಯಕ ಹಾರ್ಕರ್. ಈಗ ನೆನಪಾಯಿತು, ನಾನು ಓದಲಿಕ್ಕೆ ಬರೆದುಕೊಂಡ ಕನ್ನಡ ಮಾತುಗಳಲ್ಲಿ ಹುಟ್ಟರ್ ಅಂತ ಇದೆ. ಅದು ಗೆಳೆಯನ ಮೊಬೈಲಿನಲ್ಲಿ ನೋಡಿ ಬರೆದದ್ದು. ಅಭ್ಯಾಸವೂ ಆ ಮೊಬೈಲಿನಲ್ಲೇ ಆಯಿತು. ಸಿನಿಮಾ ಒಂದೇ ಅಲ್ವಾ ಅಂತ ಅದನ್ನು ಹೇಳಲಿಲ್ಲ. ಇದು ನಾನು ಬೇರೆ ಕಡೆಯಿಂದ ಇಳಿಸಿಕೊಂಡದ್ದು.

ನೀಲಿರಾತ್ರಿ:
ಸಿಕ್ಕಿತು. ನಿಮ್ಮ ಪ್ರೊಜೆಕ್ಟರ್‌ಗೆ ಏನೂ ಆಗಿಲ್ಲ. ನಿಮ್ಮ ಹತ್ತಿರ ಎರಡು ಬೇರೆ ಬೇರೆ ಪ್ರತಿಗಳಿವೆ.

ಕಥೆ ಬ್ರಾಮ್ ಸ್ಟೋಕರ್ ಅವರ ಡ್ರಾಕುಲಾ ಕಾದಂಬರಿಯದು. ಹಕ್ಕು ಕೊಂಡಿರಲಿಲ್ಲ. ಅದಕ್ಕೇ ಹಾರ್ಕರ್ ಹುಟ್ಟರ್ ಆದ, ಡ್ರಾಕುಲಾ ಓರ್ಲಾಕ್ ಆದ. ಮುಂದೆ ಇಂಗ್ಲಿಷ್ ಪ್ರತಿ ಮಾಡಿದವರು ಕಾರ್ಡುಗಳಲ್ಲಿ ಕಾದಂಬರಿಯ ಹೆಸರುಗಳನ್ನೇ ವಾಪಸ್ ಹಾಕಿದರು. ಹಾರ್ಕರ್ ಅಂತ ಕಂಡರೆ ಅದು ಆ ಹಳೆಯ ಇಂಗ್ಲಿಷ್ ಪ್ರತಿಯ ಮೊಮ್ಮಗು, ಕೆಲವು ತುಣುಕು ಬಿಟ್ಟುಹೋಗಿರುತ್ತೆ. ಮೊಬೈಲಿನಲ್ಲಿ ಇರುವುದು ಹೆಚ್ಚುಕಮ್ಮಿ 94 ನಿಮಿಷ ಅಲ್ವಾ? ಅದು 2006ರಲ್ಲಿ ಸರಿಪಡಿಸಿದ್ದು. ಅದರಲ್ಲಿ ಬಣ್ಣ ಇರುತ್ತೆ. ರಾತ್ರಿಗೆ ನೀಲಿ, ಹಗಲಿಗೂ ದೀಪದ ಬೆಳಕಿಗೂ ಹಳದಿ, ನಸುಕಿಗೆ ಗುಲಾಬಿ.

ಹಗಲಿನ ಪ್ರಶ್ನೆಗೂ ಇದೇ ಉತ್ತರ. ಆ ಕಾಲದ ಫಿಲ್ಮಿಗೆ ಹೊರಗಿನ ರಾತ್ರಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ಸಿನಿಮಾ ಮಾಡಿದವರ ಹತ್ತಿರ ಬೀದಿ ಬೆಳಗಿಸುವಷ್ಟು ದೀಪಕ್ಕೆ ದುಡ್ಡೂ ಇರಲಿಲ್ಲ. ಬಿಸಿಲಲ್ಲೇ ತೆಗೆದು, ತೋರಿಸುವ ಪ್ರತಿಯನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಕಂಡರೆ ರಾತ್ರಿ ಅಂತ ನೋಡುವವರಿಗೆ ಗೊತ್ತಿತ್ತು. ಆಮೇಲೆ ಕಪ್ಪು ಬಿಳುಪು ಫಿಲ್ಮಿನಲ್ಲಿ ನಕಲು ಮಾಡಿದವರು ಆ ರಾತ್ರಿಯನ್ನೇ ಕಳೆದರು. ನಿಮ್ಮ ಕೌಂಟ್ ಬಿಸಿಲಲ್ಲಿ ನಿಂತಿರುವುದು ಅದಕ್ಕೆ.

ಟೆರೇಸ್_ಟಾಕೀಸ್:
ಬಣ್ಣ ಆಮೇಲೆ ಕಂಪ್ಯೂಟರಿನಲ್ಲಿ ಹಾಕಿದ್ದಲ್ವಾ? ಸತ್ಯ ಹರಿಶ್ಚಂದ್ರ, ಕಸ್ತೂರಿ ನಿವಾಸಕ್ಕೆ ಹಾಕಿದ ಹಾಗೆ. ನನಗೆ ಅದು ಇಷ್ಟ ಇಲ್ಲ. ಹಳೇದನ್ನು ಹಳೇದಾಗಿಯೇ ತೋರಿಸಬೇಕು. ಕಪ್ಪು ಬಿಳುಪೇ ಹಾಕಿ ಅಂತ ನನ್ನ ಸಲಹೆ.

ನೀಲಿರಾತ್ರಿ:
ಅಲ್ಲ. 1965ರ ಸತ್ಯ ಹರಿಶ್ಚಂದ್ರಕ್ಕೆ 2008ರಲ್ಲಿ ಬಣ್ಣ ಹಾಕಿದರು. ಅಲ್ಲಿ ಮುಖಕ್ಕೆ ಒಂದು, ಸೀರೆಗೆ ಒಂದು. ಇಲ್ಲಿ ದೃಶ್ಯ ಪೂರ್ತಿಗೆ ಒಂದೇ ಛಾಯೆ. ಪ್ಯಾರಿಸ್‌ನ ಸಿನಿಮಾಟೆಕ್ ಎಂಬ ಚಿತ್ರ ಸಂಗ್ರಹಾಲಯದಲ್ಲಿ ಅದೇ ಕಾಲದ ಬಣ್ಣದ ಪ್ರತಿಯೊಂದು ಉಳಿದಿತ್ತು. 2006ರ ಕೆಲಸಕ್ಕೆ ಅದೇ ಆಧಾರ. ಹಳೇದನ್ನು ಹಳೇದಾಗಿ ತೋರಿಸಬೇಕಾದರೆ ಬಣ್ಣದ್ದನ್ನೇ ತೋರಿಸಬೇಕು.

ಟೆರೇಸ್_ಟಾಕೀಸ್:
ನನಗೆ ಕಪ್ಪು ಬಿಳುಪಿನಲ್ಲೇ ಹೆದರಿಕೆ ಜಾಸ್ತಿ ಆಗುತ್ತೆ. ಅದು ಬೇರೆ ವಿಷಯ ಬಿಡಿ. ಆದರೆ ಕೋರ್ಟು ಎಲ್ಲ ಪ್ರತಿ ಸುಟ್ಟುಹಾಕಿಸಿತು, ಒಂದೇ ಒಂದು ಉಳಿಯಿತು ಅಂತಾರಲ್ಲ. ನೀವು ಇಂಗ್ಲಿಷ್ ಪ್ರತಿ, ಪ್ಯಾರಿಸ್ ಪ್ರತಿ ಅಂತೀರಿ.

ರೀಲುಪೆಟ್ಟಿಗೆ:
ಆ ಒಂದೇ ಪ್ರತಿಯ ಕಥೆ ಸುಳ್ಳು. ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ದಾವೆ ಹೂಡಿದ್ದು ನಿಜ. 1925ರಲ್ಲಿ ಪ್ರತಿಗಳನ್ನು ನಾಶ ಮಾಡಬೇಕೆಂದು ತೀರ್ಪಾಯಿತು. ಅಷ್ಟರಲ್ಲಿ ಚಿತ್ರ ಜರ್ಮನಿ ದಾಟಿ ಹೋಗಿತ್ತು. ಹೊರಗೆ ಹೋದದ್ದು ಉಳಿಯಿತು.

ಮಾಡಿದ ಕಂಪನಿಯ ಹೆಸರು ಪ್ರಾಣ ಫಿಲ್ಮ್. ನಮ್ಮ ಪ್ರಾಣವೇ, ಅದೇ ಪದ. ಮುಗಿಸಿದ್ದು ಇದೊಂದೇ ಸಿನಿಮಾ, ದಿವಾಳಿಯಾಯಿತು. ಛಾಯಾಗ್ರಾಹಕ ಫ್ರಿಟ್ಸ್ ಆರ್ನೊ ವಾಗ್ನರ್ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ, ಹಾಗಾಗಿ ಮೂಲ ನೆಗೆಟಿವ್ ಕೂಡ ಒಂದೇ. ಸೆಟ್ಟಿಗೆ ಖರ್ಚು ಮಾಡುವ ಬದಲು ವಿಸ್ಮಾರ್, ಲ್ಯೂಬೆಕ್ ಊರುಗಳ ಬೀದಿಗೇ ಹೋದರು. ಓರ್ಲಾಕ್ ಕೊಳ್ಳುವ ಮನೆ ಲ್ಯೂಬೆಕ್‌ನ ಹಳೇ ಉಪ್ಪಿನ ಉಗ್ರಾಣ. ಕೋಟೆ ಸ್ಲೊವಾಕಿಯಾದ ಒರಾವಾ. ಕಾಸಿಲ್ಲದ್ದರಿಂದ ಸಿಕ್ಕಿದ ನಿಜವಾದ ಕಲ್ಲು, ನಿಜವಾದ ಗೋಡೆ ಅದು. ನೂರು ವರ್ಷ ಆದರೂ ಮೈ ಜುಂ ಅನ್ನುತ್ತೆ.

ವೈರಿಂಗ್‌ಕುಮಾರ:
ಕಥೆ ಚೆನ್ನಾಗಿದೆ. ಆದರೂ ಕೇಬಲ್ ಹೊಸದು ಇಟ್ಟುಕೊಂಡಿರಿ. ಶನಿವಾರ ಕೈ ಕೊಟ್ಟರೆ?

ಹೊಳೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಗೆಳೆಯ ಬೆಂಗಳೂರಿಗೆ ಹೋಗಿದ್ದಾನೆ, ಶುಕ್ರವಾರ ರಾತ್ರಿ ಬರುವುದು. ಅಲ್ಲಿಯವರೆಗೆ ಈ ಫೈಲನ್ನೇ ವಿಎಲ್‌ಸಿಯಲ್ಲಿ ನಿಧಾನ ಮಾಡಿ ಅಭ್ಯಾಸ ಮಾಡಬಹುದಾ?

ರೀಲುಪೆಟ್ಟಿಗೆ:
ವೇಗವನ್ನು 0.75ಕ್ಕೆ ಇಡಿ. 24 ಇದ್ದದ್ದು 18 ಆಗುತ್ತೆ. 64 ನಿಮಿಷದ್ದು 85 ನಿಮಿಷ ಆಗುತ್ತೆ. ನಡಿಗೆ ಸರಿಹೋಗುತ್ತೆ. ಆದರೆ 94ಕ್ಕೆ ಇನ್ನೂ 9 ನಿಮಿಷ ಕಡಿಮೆ. ಬಿಟ್ಟುಹೋದ ತುಣುಕು ನಿಧಾನ ಮಾಡಿದರೆ ಬರುವುದಿಲ್ಲ. ಪಿಟೀಲು ಅಲ್ಲಲ್ಲಿ ತಪ್ಪಿಯೇ ತಪ್ಪುತ್ತೆ. ಬಿಡಿ ಬಿಡಿ ದೃಶ್ಯದ ಅಭ್ಯಾಸಕ್ಕೆ ಸಾಕು, ಪ್ರದರ್ಶನಕ್ಕೆ ಬೇಡ.

ನೀಲಿರಾತ್ರಿ:
94ರದ್ದು ಸಿಕ್ಕಿದ ಮೇಲೆ ಮಾತ್ರ ವೇಗ ಮುಟ್ಟಬೇಡಿ. ಅದರಲ್ಲಿ ಕೆಲವು ಫ್ರೇಮು ಎರಡೆರಡು ಸಲ ಹಾಕಿ ಸರಿಯಾದ ವೇಗ ಕೂಡಿಸಿರುತ್ತಾರೆ. ನಿರ್ದೇಶಕ ಮುರ್ನಾವ್ ನಟರ ನಡಿಗೆಗೆ ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ಇಟ್ಟು ತಾಳ ಹಾಕಿಸುತ್ತಿದ್ದರು. ಓರ್ಲಾಕ್ ಪಾತ್ರದ ಮ್ಯಾಕ್ಸ್ ಶ್ರೆಕ್ ಬಾಗಿಲಲ್ಲಿ ನಿಂತು ನಿಧಾನಕ್ಕೆ ಬರುವುದೇ ಭಯ. ಬೇಗ ಬಂದರೆ ಜನ ನಕ್ಕುಬಿಡುತ್ತಾರೆ. ನಿಮ್ಮ ಗೆಳೆಯರ ಎರಡು ತಿಂಗಳ ಕೆಲಸ ಅಲ್ಲೇ ಹೋಗುತ್ತೆ.

ಕುದುರೆಗಾಡಿ ಮಾತ್ರ ಅದರಲ್ಲೂ ಹಾಗೇ ಓಡುತ್ತೆ. ಬಿಳಿ ಕಾಡೂ ಹಾಗೇ ಇರುತ್ತೆ. ಬೇಕೆಂದೇ ಫ್ರೇಮು ಕಡಿಮೆ ತೆಗೆದು, ಒಂದು ತುಣುಕನ್ನು ನೆಗೆಟಿವ್‌ನಲ್ಲೇ, ಅಂದರೆ ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ತೋರಿಸಿದ್ದಾರೆ. ಸೇತುವೆ ದಾಟಿದ ಮೇಲೆ ಅದು ಬೇರೆ ಲೋಕ. ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಇನ್ನೊಂದು ನೋಡಿ. ಪ್ರೊಜೆಕ್ಟರ್‌ನಲ್ಲಿ ಚಿತ್ರದ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ.

ಹೊಳೆದಂಡೆ:
ಶುಕ್ರವಾರ ರಾತ್ರಿ 11:40. ಫೈಲು ಬಂತು, 94 ನಿಮಿಷವೇ. ಈಗಷ್ಟೇ ಪೂರ್ತಿ ಓಡಿಸಿ ಮುಗಿಸಿದೆವು. ಶವಪೆಟ್ಟಿಗೆ ಹೊತ್ತವನು ಈಗ ರಾತ್ರಿಯಲ್ಲಿ ನಡೆಯುತ್ತಾನೆ. ಆ ನೀಲಿ ನೋಡಿ ಹಾರ್ಮೋನಿಯಂನವಳು ಒಂದು ಕ್ಷಣ ಕೈ ನಿಲ್ಲಿಸಿದಳು. ಕೊನೆಯಲ್ಲಿ ಕೋಳಿ ಕೂಗುವ ಕಡೆ ಪಿಟೀಲಿನ ಒಂದೇ ಎಳೆತ ಇದೆ. ಅದು ಸರಿಯಾಗಿ ಕೋಳಿ ಕತ್ತೆತ್ತುವ ಹೊತ್ತಿಗೆ ಬಂತು. ಎರಡು ಸಲ ಮಾಡಿ ನೋಡಿದೆವು, ಎರಡು ಸಲವೂ ಬಂತು.

ಹೊಸ ಕೇಬಲ್ಲೂ ತಂದಿದ್ದೇನೆ ಕುಮಾರ್ ಅವರೇ.

ವೈರಿಂಗ್‌ಕುಮಾರ:
ಒಳ್ಳೇ ಕೆಲಸ. ಹಳೇದನ್ನೂ ಬ್ಯಾಗಿನಲ್ಲಿ ಇಟ್ಟಿರಿ.

ಟೆರೇಸ್_ಟಾಕೀಸ್:
ರೀಲುಪೆಟ್ಟಿಗೆ ಸರ್, ಆ 16 ಎಂಎಂ ಬೆಲ್ಟ್ ಎಲ್ಲಿ ಸಿಗುತ್ತೆ? ನನಗೊಂದು ಹಳೇ ಮೆಷಿನ್ ಬಂದಿದೆ, ಮೋಟಾರ್ ತಿರುಗುತ್ತೆ, ರೀಲು ತಿರುಗಲ್ಲ.