ಸಹಾಯ ಬೇಕು: ಅಟ್ಟ ಖಾಲಿ ಮಾಡಲು ಹೋಗಿ ಸಿಕ್ಕಿಬಿದ್ದಿದ್ದೇನೆ

ಶಿರಸಿ ಹತ್ತಿರ ನಮ್ಮ ಹಳೇ ಮನೆ. ಮಳೆ ಹಿಡಿಯುವುದರೊಳಗೆ ಅಟ್ಟ ಖಾಲಿ ಮಾಡೋಣ ಅಂತ ಹತ್ತಿದವಳು ಮೂರು ದಿನದಿಂದ ಅಲ್ಲೇ ಇದ್ದೇನೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಆಯಿ ಪ್ರತಿ ಸಲ ತಂದ ಪಾತ್ರೆ, ತಳ ತೂತಾದ ತಾಮ್ರದ ಹಂಡೆ, ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಹಾಕುತ್ತಿದ್ದ ಏಳು ಭರಣಿ. ಒಂದನ್ನು ಮೂಸಿದರೆ ಇನ್ನೂ ಜೀರಿಗೆ ಪರಿಮಳ! "ಇರ್ಲಿ, ಬೇಕಾಗ್ತು" ಅಂತ ಆಯಿ ಕೆಳಗಿಂದಲೇ ಕೂಗುತ್ತಾಳೆ.

ಪಾತ್ರೆ ಹೇಗೋ ಆಗುತ್ತದೆ. ಅಜ್ಜನ ಪೆಟ್ಟಿಗೆಯದ್ದೇ ತಲೆನೋವು. ತೋಟದ ಹಳೇ ಪಹಣಿ, ಅಡಿಕೆ ಲೆಕ್ಕದ ಪುಸ್ತಕ, ಅರ್ಧ ಒರಲೆ ತಿಂದಿದೆ. ಬಿಸಿಲಿಗೆ ಹಾಕಬಹುದಾ, ಹಾಳೆ ಪುಡಿಯಾಗುತ್ತದಾ? ಸುಮ್ನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಇನ್ನೂ ಜಾಸ್ತಿ ಅಲ್ವಾ? ಹಂಡೆಗೆ ಬೆಸುಗೆ ಹಾಕುವವರು ಪೇಟೆಯಲ್ಲಿ ಈಗಲೂ ಇದ್ದರೆ ಅದನ್ನೂ ಹೇಳಿ, ಗುಜರಿಗೆ ಕೊಡಲು ಮನಸ್ಸಿಲ್ಲ.