ಸರ್ವರ್ ಬದಲಾದರೆ ರೆಪಾಸಿಟರಿಯನ್ನು ಮತ್ತೆ ಕ್ಲೋನ್ ಮಾಡಬೇಕೇ?

ಪ್ರಶ್ನೆ: ನಮ್ಮ ತಂಡದ ಗಿಟ್ ರೆಪಾಸಿಟರಿ (ಕಡತಗಳ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಭಂಡಾರ) ಹೊಸ ಸರ್ವರ್‌ಗೆ ಹೋಗಿದೆ. ನನ್ನ ಬಳಿ ಇನ್ನೂ ಪುಶ್ ಮಾಡದ, ಅಂದರೆ ಸರ್ವರ್‌ಗೆ ಕಳಿಸದ, ಹತ್ತಾರು ಕಮಿಟ್‌ಗಳಿವೆ (ದಾಖಲಿಸಿಟ್ಟ ಬದಲಾವಣೆಗಳು). ಹಳೆಯ ಫೋಲ್ಡರ್ ಅಳಿಸಿ ಸರ್ವರ್‌ನಿಂದ ಹೊಸದಾಗಿ ಕ್ಲೋನ್ (ಪೂರ್ಣ ನಕಲು) ಮಾಡಿಕೊಳ್ಳಿ ಎನ್ನುತ್ತಾರೆ ಸಹೋದ್ಯೋಗಿ. ಬೇರೆ ದಾರಿ ಇಲ್ಲವೇ?

ಉತ್ತರ: ದಯವಿಟ್ಟು ಅಳಿಸಬೇಡಿ! ಪುಶ್ ಆಗದ ಕೆಲಸವೆಲ್ಲ ಅದರೊಂದಿಗೆ ಹೋಗಿಬಿಡುತ್ತದೆ. 'ಆರಿಜಿನ್' ಎಂಬುದು ಸರ್ವರ್‌ನಲ್ಲಿರುವ ರೆಪಾಸಿಟರಿಗೆ ನಿಮ್ಮ ಕಂಪ್ಯೂಟರಿನೊಳಗೆ ಮಾತ್ರ ನಡೆಯುವ ಅಡ್ಡಹೆಸರು. ಅದು ಯಾವ ವಿಳಾಸಕ್ಕೆ ಸಲ್ಲುತ್ತದೆ ಎಂಬುದನ್ನು ಡಾಟ್-ಗಿಟ್ ಫೋಲ್ಡರಿನ ಕಾನ್ಫಿಗ್ ಕಡತದಲ್ಲಿ ಒಂದು ಸಾಲು ಹೇಳುತ್ತದೆ. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಆರಿಜಿನ್' ಎಂದು ಬರೆದು ಹೊಸ ವಿಳಾಸ ಕೊಡಿ, ಆ ಸಾಲು ಬದಲಾಗುತ್ತದೆ, ಕಮಿಟ್‌ಗಳು ಕದಲುವುದಿಲ್ಲ. ಕಮಿಟ್‌ನ ನಿಜವಾದ ಹೆಸರು ಅದರ ಹ್ಯಾಶ್ ಎಂಬ ಗುರುತು, ಸಾಮಾನ್ಯವಾಗಿ 40 ಅಂಕಿ-ಅಕ್ಷರಗಳದ್ದು. ಅದು ಒಳಗಿನ ವಿಷಯದಿಂದಲೇ ಹುಟ್ಟುತ್ತದೆ, ಸರ್ವರ್‌ನ ಹೆಸರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಗಿಟ್‌ನ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಪ್ರಶ್ನೆ: ಬದಲಿಸಿದೆ, ಸಂಪರ್ಕವೇ ಸಿಗುತ್ತಿಲ್ಲ. ಹೊಸ ಸರ್ವರ್‌ನ ಎಸ್‌ಎಸ್‌ಎಚ್ (ಸುರಕ್ಷಿತ ಸಂಪರ್ಕದ ವಿಧಾನ) ಪೋರ್ಟ್, ಅಂದರೆ ಬಾಗಿಲಿನ ಸಂಖ್ಯೆ, 2222. ಸರ್ವರ್ ಹೆಸರಿನ ನಂತರ ಕೋಲನ್, 2222, ಆಮೇಲೆ ಹಾದಿ ಬರೆದಿದ್ದೇನೆ.

ಉತ್ತರ: ಅನೇಕರು ಎಡವುವ ಜಾಗ ಇದೇ. ನೀವು ಬರೆದ ವಿಳಾಸದ ಚಿಕ್ಕ ರೂಪದಲ್ಲಿ ಕೋಲನ್ ಆದ ಮೇಲೆ ಬರುವುದೆಲ್ಲವೂ ಹಾದಿ. ಗಿಟ್ 2222 ಅನ್ನು ಫೋಲ್ಡರಿನ ಹೆಸರೆಂದು ಓದಿ, ಎಂದಿನಂತೆ 22ನೇ ಪೋರ್ಟಿನ ಬಾಗಿಲು ತಟ್ಟುತ್ತದೆ. 'ಎಸ್‌ಎಸ್‌ಎಚ್://' ಎಂದು ಆರಂಭವಾಗುವ ಪೂರ್ಣ ರೂಪವನ್ನು ಬಳಸಿ, ಅಲ್ಲಿ ಕೋಲನ್ ನಂತರದ ಸಂಖ್ಯೆ ಪೋರ್ಟ್ ಆಗುತ್ತದೆ. ಇನ್ನೊಂದು ಎಚ್ಚರಿಕೆ: ಚಿಕ್ಕ ರೂಪದಲ್ಲಿ ಓರೆಗೆರೆ ಇಲ್ಲದೆ ಆರಂಭವಾಗುವ ಹಾದಿಯನ್ನು ಬಳಕೆದಾರರ ಹೋಮ್ ಫೋಲ್ಡರಿನಿಂದ ಎಣಿಸಲಾಗುತ್ತದೆ, ಪೂರ್ಣ ರೂಪದ ಹಾದಿಯನ್ನು ಡಿಸ್ಕಿನ ಬುಡದಿಂದ.

ಪ್ರಶ್ನೆ: ನಮ್ಮಲ್ಲಿ ಇನ್ನೂ ಸಬ್‌ವರ್ಷನ್ (ಗಿಟ್‌ನಂಥದೇ ಇನ್ನೊಂದು ವ್ಯವಸ್ಥೆ) ಇದೆ. ಅಲ್ಲಿಯೂ ಹೀಗೆಯೇ?

ಉತ್ತರ: ಅಲ್ಲಿ ವಿಳಾಸ ಬದಲಿಸಲು 'ಎಸ್‌ವಿಎನ್ ರಿಲೊಕೇಟ್' ಆಜ್ಞೆ ಇದೆ. ಪ್ರತಿ ಸಬ್‌ವರ್ಷನ್ ರೆಪಾಸಿಟರಿಗೂ ಯುಯುಐಡಿ ಎಂಬ ಗುರುತು ಇರುತ್ತದೆ; ಹೊಸ ವಿಳಾಸದಲ್ಲಿ ಆ ಗುರುತು ಬೇರೆಯಾಗಿದ್ದರೆ ಆಜ್ಞೆ ಮುಂದುವರಿಯುವುದಿಲ್ಲ. ಗಿಟ್‌ನ ಸೆಟ್-ಯುಆರ್‌ಎಲ್ ಹೀಗೆ ವಿಚಾರಿಸುವುದಿಲ್ಲ, ತಪ್ಪು ವಿಳಾಸವನ್ನೂ ಸುಮ್ಮನೆ ಬರೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಕೇಳಿದವರು ನೇರವಾಗಿ ಪುಶ್ ಮಾಡಬಾರದು. ಮೊದಲು ಫೆಚ್ ಮಾಡಿ, ಅಂದರೆ ಸರ್ವರ್‌ನಲ್ಲಿರುವುದನ್ನು ತರಿಸಿಕೊಂಡು, ತಂಡದ ಹಳೆಯ ಕಮಿಟ್‌ಗಳು ಅದೇ ಹ್ಯಾಶ್‌ಗಳೊಂದಿಗೆ ಅಲ್ಲಿವೆಯೇ ನೋಡಿಕೊಳ್ಳಿ.